ನಮ್ಮ ದೋಣಿಗೆ ತಕ್ಕ ಎಂಜಿನ್

ನಾವು ಮೂವರು ಸೇರಿ ಕೊಂಡ ದೋಣಿಯಲ್ಲಿ ಎಂಜಿನ್ ಇತ್ತು, ಆದರೆ ಓಡುತ್ತಿರಲಿಲ್ಲ. ಮಾರಿದವನು ಅದನ್ನು ಮುಚ್ಚಿಡಲೂ ಇಲ್ಲ. ಹಿಂದಿನ ಚಳಿಗಾಲದಲ್ಲಿ ಒಳಗೆ ಉಳಿದಿದ್ದ ನೀರು ಹೆಪ್ಪುಗಟ್ಟಿ ಎಂಜಿನ್ನಿನ ಮೈಯನ್ನೇ ಸೀಳಿಹಾಕಿದೆ, ದೋಣಿಯ ಒಡಲಿಗೆ ಮಾತ್ರ ಏನೂ ಆಗಿಲ್ಲ ಎಂದು ಅಂಗೈಯಿಂದ ತಟ್ಟಿ ಸದ್ದು ಕೇಳಿಸಿದ. ಎಮ್ಮೆಯ ಬೆನ್ನು ತಟ್ಟಿದಂಥ ಗಟ್ಟಿ ಸದ್ದು. ಅಷ್ಟಕ್ಕೇ ನಾವು ಸೋತೆವು.

ಮೂವರು ಎಂದರೆ ನಾನು, ನನ್ನ ಗಂಡ, ಮತ್ತು ಲಂಡನ್ನಿನ ದಕ್ಷಿಣದ ನಮ್ಮ ಕ್ರೋಯ್ಡನ್ನಿನಲ್ಲಿ ಬಹಳ ಕಾಲ ಟ್ರಾಮ್ ಓಡಿಸಿ ನಿವೃತ್ತಳಾದ ಒಬ್ಬ ಗೆಳತಿ. ಆಕೆಯ ಹಿರಿಯರು ಜಮೈಕಾದವರು. ನಾನು ಫಿಸಿಯೋಥೆರಪಿಸ್ಟ್, ಆಕೆ ಭುಜದ ನೋವೆಂದು ನನ್ನ ಬಳಿ ಬಂದಿದ್ದಳು. ಹೇಗೆ ನೋವಾಯಿತು ಎಂದು ಕೇಳಿದರೆ ವಾಟರ್ ಸ್ಕೀ ಎಂದಳು. ಅರವತ್ತು ದಾಟಿದ ಹೆಂಗಸು! ಭುಜ ಸರಿಹೋದ ಮೇಲೆ, ಬಾ, ಸುಮ್ಮನೆ ನೋಡುವಿಯಂತೆ ಎಂದು ಲಂಡನ್ನಿನ ಪಶ್ಚಿಮದ ಅಂಚಿನ ಕೆರೆಗೆ ನನ್ನನ್ನು ಕರೆದುಕೊಂಡು ಹೋದಳು. ಹಿಂದೆ ಜಲ್ಲಿ ತೆಗೆದ ಹಳ್ಳ ಅದು, ಈಗ ನೀರು ತುಂಬಿಕೊಂಡಿದೆ. ತಲೆಯ ಮೇಲೆ ಹೀಥ್ರೂಗೆ ಇಳಿಯುವ ವಿಮಾನಗಳು. ವಿಜಯಪುರದಲ್ಲಿ ಬೆಳೆದ ನನಗೆ ಈಜು ಬಂದದ್ದೇ ಇಲ್ಲಿನ ಕೌನ್ಸಿಲ್, ಅಂದರೆ ನಗರಸಭೆಯ, ಈಜುಕೊಳದಲ್ಲಿ, ಮಗಳಿಗೆ ಕಲಿಸಲು ಹೋಗಿ. ಅಂಥವಳು ಆ ದಿನ ನೋಡಿದೆ, ಮುಂದಿನ ವಾರ ನೀರಿಗಿಳಿದೆ, ಆಮೇಲೆ ಬಿಡಲಿಲ್ಲ.

ನಾವು ಆಡುವುದು ಸ್ಲಾಲಮ್. ಒಂದೇ ಹಲಗೆಯಲ್ಲಿ ಎರಡೂ ಪಾದ ಸಿಕ್ಕಿಸಿ, ದೋಣಿಗೆ ಕಟ್ಟಿದ ಹಗ್ಗದ ತುದಿ ಹಿಡಿದು, ಎಡಕ್ಕೂ ಬಲಕ್ಕೂ ತೇಲಿಬಿಟ್ಟ ಆರು ಚೆಂಡುಗಳನ್ನು ಸುತ್ತಬೇಕು. ದೋಣಿ ನಡುವೆ ನೇರ ಓಡುತ್ತದೆ. ನಾವು ಪ್ರತಿ ಸಲವೂ ಅದರ ಹಿಂದೆ ಏಳುವ ಅಲೆಯನ್ನು ದಾಟಿ ಆಚೆ ಬದಿಗೆ ಹೋಗಬೇಕು. ಓಟದ ವೇಗ ಒಂದೇ ಸಮನಾಗಿರಬೇಕು, ಅಲೆ ತಗ್ಗಾಗಿರಬೇಕು. ಇವೆರಡೂ ಕೊನೆಗೆ ಎಂಜಿನ್ನಿನ ಕೈಯಲ್ಲಿವೆ ಎಂಬುದು ಎಂಜಿನ್ ಕೊಳ್ಳಲು ಹೊರಟಾಗಲೇ ನನಗೆ ಅರ್ಥವಾಗಿದ್ದು.

ನನ್ನ ಗಂಡ ಮೈಸೂರಿನವರು, ಕೌನ್ಸಿಲ್‌ನಲ್ಲಿ ರಸ್ತೆಗಳ ಎಂಜಿನಿಯರ್. ನಾನು ಸ್ಕೀ ಹಿಡಿದ ಮೇಲೆ ಅವರು ದೋಣಿ ಓಡಿಸಲು ಕಲಿತು ಲೈಸೆನ್ಸ್ ತೆಗೆದುಕೊಂಡರು. ನೀರಿಗೆ ಮಾತ್ರ ಇಳಿಯುತ್ತಿರಲಿಲ್ಲ. ಈಜು ಬರುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ. "ಯಾರಾದ್ರೂ ಒಬ್ರು ಒಣಗಿರ್ಬೇಕಲ್ಲ ಕಣೇ," ಎನ್ನುತ್ತಿದ್ದರು.

ದೋಣಿಯನ್ನು ಪಂಜಾಬಿಗಳೇ ತುಂಬಿದ ಸೌತ್‌ಹಾಲ್‌ನ ಹಿಂದಿನ ಬೀದಿಯ ಒಂದು ವರ್ಕ್‌ಶಾಪಿಗೆ ಎಳೆದುಕೊಂಡು ಹೋದೆವು. ಮೆಕ್ಯಾನಿಕ್ ಇಲ್ಲೇ ಹುಟ್ಟಿದ ಪಂಜಾಬಿ. ಆಳು ಆನೆಯಂತಿದ್ದ, ನಮ್ಮ ಕೆರೆಯಲ್ಲೇ ಸ್ಕೀ ಆಡುವವನು. ದೋಣಿಯ ನಡುವಿನ ಪೆಟ್ಟಿಗೆ ಎತ್ತಿ, ಸೀಳಿದ ಎಂಜಿನ್ ನೋಡಿ, ಸತ್ತವರ ಮನೆಗೆ ಬಂದವನಂತೆ ತಲೆಯಾಡಿಸಿದ. ಆಮೇಲೆ ಎರಡು ದಾರಿ ಹೇಳಿದ. ಒಂದು, ಇದ್ದ ಅಳತೆಯದೇ, ಐದು ಮುಕ್ಕಾಲು ಲೀಟರ್ ಹತ್ತಿರದ ಹೊಸ ಎಂಜಿನ್. ಇನ್ನೊಂದು, ಎಂಟು ಲೀಟರಿನದು.

"ನನ್ನ ಕೇಳಿದರೆ ದೊಡ್ಡದೇ ಹಾಕಿ," ಎಂದ. "ನನ್ನಂಥವನು ಹಗ್ಗಕ್ಕೆ ಜೋತುಬಿದ್ದರೂ ದೋಣಿಗೆ ಗೊತ್ತಾಗಬಾರದು."

ನನ್ನ ಗಂಡನ ಮುಖ ಮದುಮಗನದಾಯಿತು. "ಕೇಳ್ದ್ಯಾ? ಶಕ್ತಿ ಜಾಸ್ತಿ ಇದ್ರೆ ಏನು ಕಷ್ಟ? ಬೇಡದಾಗ ಕಮ್ಮಿ ಉಪಯೋಗಿಸಿದ್ರಾಯ್ತು."

"ಶಕ್ತಿ ಕಮ್ಮಿ ಮಾಡಬಹುದ್ರಿ. ತೂಕ ಹೆಂಗ ಕಮ್ಮಿ ಮಾಡ್ತೀರಿ?" ಎಂದೆ. "ಅದು ಬೇಕಾದಾಗೂ ದೋಣಿಯೊಳಗ ಇರತೈತಿ, ಬ್ಯಾಡಾದಾಗೂ ಇರತೈತಿ. ದೋಣಿ ನೀರಾಗ ಕುಂತಷ್ಟೂ ಹಿಂದ ಅಲೆ ಏಳತೈತಿ. ಅದನ್ನ ದಾಟಾಕಿ ನಾನು."

ದೊಡ್ಡದು ಎಷ್ಟು ಹೆಚ್ಚು ಭಾರ ಎಂದು ಕೇಳಿದೆ. ಮೆಕ್ಯಾನಿಕ್ ಯೋಚಿಸಿ, ಹೆಚ್ಚುಕಡಿಮೆ ನಿಮ್ಮ ಗಂಡನಷ್ಟು ಎಂದ. ಆಚೆಈಚೆ ತೊಂಬತ್ತು ಕಿಲೋ.

ನಮ್ಮಿಬ್ಬರ ವಾದ ಕಾರಿನಲ್ಲಿ ಮುಂದುವರಿಯಿತು, ಅಡುಗೆಮನೆಯಲ್ಲಿ ಮುಂದುವರಿಯಿತು, ಗೆಳತಿಗೆ ಫೋನ್ ಮಾಡಿದಾಗ ಸ್ಪೀಕರಿನಲ್ಲೂ ಮುಂದುವರಿಯಿತು. ಕೊನೆಗೆ ಆಕೆ ಟ್ರಾಮಿನ ಮೈಕಿನಲ್ಲಿ ಹೇಳುವ ಧಾಟಿಯಲ್ಲಿ, "ಇಬ್ಬರೂ ಸುಮ್ಮನಾಗಿ. ಕೆರೆಯ ಸ್ಕೀ ಕ್ಲಬ್ಬಿನ ದೋಣಿಯ ಒಡಲೂ ನಮ್ಮದರಂಥದೇ, ಎಂಜಿನ್ ಸಣ್ಣದು. ಅದರಲ್ಲಿ ಹೆಚ್ಚಿನ ತೂಕ ಹೇರಿ ಓಡಿಸಿ ನೋಡೋಣ," ಎಂದಳು.

ತೂಕಕ್ಕೆ ಏನು ಹೇರುವುದು? ಮರಳಿನ ಚೀಲ ತಂದರೆ ಆಮೇಲೆ ಎಲ್ಲಿಡುವುದು? ಶನಿವಾರ ಸೌತ್‌ಹಾಲ್ ಬ್ರಾಡ್‌ವೇಗೆ ಹೋಗಿ ಸೋನಾ ಮಸೂರಿಯ ಚೀಲಗಳನ್ನು ಒಂದರ ಮೇಲೊಂದು ಟ್ರಾಲಿಗೆ ಹಾಕಿದೆವು. ಅಂಗಡಿಯವನು ಮದುವೆಯೇ ಎಂದು ಕೇಳಿದ. ನನ್ನ ಗಂಡ ಗಂಭೀರವಾಗಿ, ಅಲ್ಲ, ದೋಣಿಗೆ ಎಂದರು. ಅವನು ಬಿಲ್ ಕೊಟ್ಟು ಮುಂದಿನವರತ್ತ ತಿರುಗಿದ. ಭಾನುವಾರ ಬೆಳಿಗ್ಗೆ ಚೀಲಗಳನ್ನು ಲಿಫ್ಟಿನಿಂದ ಕಾರಿಗೆ ಸಾಗಿಸುವಾಗ ಮಗಳು ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ಯೂ ಆರ್ ಟೇಕಿಂಗ್ ರೈಸ್ ಫಾರ್ ಎ ರೈಡ್," ಎಂದಳು.

"ನೀನೂ ಒಂದು ಚೀಲ ಹಿಡೀಬಾ," ಎಂದೆ. ನನ್ನ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಆ ಒಂದು ವಾಕ್ಯ ಬಿಟ್ಟು.

ಏಪ್ರಿಲ್ ತಿಂಗಳ ನೀರು ಮೂಳೆಗೆ ತಾಗುವಂತಿತ್ತು. ಮೊದಲು ಅಕ್ಕಿಯಿಲ್ಲದೆ ಒಂದು ಸುತ್ತು ಆಡಿದೆ. ಗಂಡ ಓಡಿಸುತ್ತಿದ್ದರು, ಗೆಳತಿ ಹಿಂದಕ್ಕೆ ಮುಖ ಮಾಡಿ ಕುಳಿತು ನನ್ನನ್ನು ನೋಡಿಕೊಳ್ಳುತ್ತಿದ್ದಳು. ಅಲೆ ಎಂದಿನಂತೆ ಕಾಲಡಿಯಲ್ಲಿ ಸಣ್ಣಗೆ ನಡುಗಿ ಸರಿಯಿತು. ಆಮೇಲೆ ಅಕ್ಕಿಯ ಚೀಲಗಳನ್ನು ಕಸ ತುಂಬುವ ಪ್ಲಾಸ್ಟಿಕ್ ಬ್ಯಾಗುಗಳಲ್ಲಿ ಕಟ್ಟಿ ಎಂಜಿನ್ ಪೆಟ್ಟಿಗೆಯ ಎರಡೂ ಬದಿಗೆ ಪೇರಿಸಿ ಹಗ್ಗ ಬಿಗಿದೆವು. ಅದೇ ವೇಗ, ಅದೇ ಚೆಂಡುಗಳು. ಮೊದಲ ಚೆಂಡು ಸುತ್ತಿ ವಾಲಿಕೊಂಡು ಅಲೆಯ ಕಡೆ ಬಂದೆ ನೋಡಿ, ನೀರು ಎದ್ದು ಹಲಗೆಯನ್ನು ಕೆಳಗಿನಿಂದ ಗುದ್ದಿತು. ಮೊಣಕಾಲು ಎದೆಗೆ ಬಂತು. ಎರಡನೆಯದರಲ್ಲಿ ಹೇಗೋ ಉಳಿದುಕೊಂಡೆ, ಮೂರನೆಯದರಲ್ಲಿ ಮುಖ ಕೆಳಗಾಗಿ ಬಿದ್ದೆ.

ದೋಣಿ ತಿರುಗಿ ಪಕ್ಕಕ್ಕೆ ಬಂತು. ಗಂಡ ಬಗ್ಗಿ, "ಪೆಟ್ಟಾಯ್ತಾ? ಅಲೆ ಎಷ್ಟಿತ್ತು?" ಎಂದರು. ಎರಡು ಪ್ರಶ್ನೆಗಳ ನಡುವೆ ಅವರು ಉಸಿರು ತೆಗೆದುಕೊಳ್ಳಲಿಲ್ಲ.

"ಸಾಲಿ ಮುಂದ ರಸ್ತೆ ಮ್ಯಾಲ ಉಬ್ಬು ಹಾಕಿಸ್ತೀರಲ್ರಿ ನೀವು, ಅದರಷ್ಟ!" ಎಂದೆ, ಮೂಗಿನಿಂದ ನೀರು ಹೊರಹಾಕುತ್ತ.

ಅದು ಅವರಿಗೆ ನಾಟಿತು. ಹೊಸ ಉಬ್ಬು ಹಾಕಿದಾಗಲೆಲ್ಲ ಜನ ಬರೆದ ದೂರುಗಳನ್ನು ಓದುವವರು ಅವರೇ.

ಒಂದು ಚೀಲ ಹರಿದು ನೀರು ಕುಡಿದಿತ್ತು. ಅದನ್ನು ಮನೆಗೆ ತಂದು ಅವತ್ತೇ ಒಂದಷ್ಟು ದೋಸೆಗೆ ರುಬ್ಬಿದೆ, ಉಳಿದದ್ದನ್ನು ಬಟ್ಟೆಯ ಮೇಲೆ ಹರವಿ ಒಣಗಿಸಿದೆ. ಮುಂದಿನ ಭಾನುವಾರ ಅದರದೇ ಚಿತ್ರಾನ್ನ ಮಾಡಿ ದೊಡ್ಡ ಡಬ್ಬಿಯಲ್ಲಿ ಕೆರೆಗೆ ಒಯ್ದೆ. ಕ್ಲಬ್ಬಿನವರು ನಿಂತಲ್ಲೇ ಖಾಲಿ ಮಾಡಿದರು.

ಆದರೆ ಗಂಡ ಪೂರ್ತಿ ಒಪ್ಪಿರಲಿಲ್ಲ. ಚಿತ್ರಾನ್ನದ ಕಡಲೆಕಾಯಿ ಬೀಜ ಆರಿಸಿ ತಿನ್ನುತ್ತ ಹೇಳಿದರು: "ಅಲೆ ವಿಷಯ ಸರಿ. ನೀನು ಹಗುರ ಇದೀಯ, ನಿನ್ನನ್ನ ಯಾವ ಎಂಜಿನ್ನಾದ್ರೂ ಎಳೆಯತ್ತೆ. ಭಾರದೋರನ್ನ ನೀರಿಂದ ಎಬ್ಬಿಸ್ಬೇಕಲ್ಲ? ಅದಕ್ಕೆ ಸಣ್ಣದು ಸಾಕಾಗತ್ತಾ?"

ಅವರು ಕನ್ನಡದಲ್ಲಿ ಹೇಳಿದ್ದು. ಗೆಳತಿಗೆ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಭಾರದವರು ಬೇಕು, ಅಲ್ಲವೇ?" ಎಂದು ಮೈಗಂಟುವ ರಬ್ಬರಿನ ಬಾಡಿಗೆ ವೆಟ್‌ಸೂಟುಗಳ ಸಾಲಿನಿಂದ ಅತಿ ದೊಡ್ಡದನ್ನು ತೆಗೆದುಕೊಂಡು ಬಂದಳು.

ಬೇಡ ಎನ್ನುವುದಕ್ಕೆ ಅವರು ಬಾಯಿ ತೆರೆದರು. ಅಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಸೂಟಿಗೆ ಕೈ ಚಾಚಿದರು. ಆ ಸೂಟಿನೊಳಗೆ ಅವರನ್ನು ಸೇರಿಸಲು ನಾನೂ ಗೆಳತಿಯೂ ದಿಂಬಿಗೆ ಕವರ್ ಹಾಕುವಂತೆ ಹಿಡಿದು ಕುಲುಕಬೇಕಾಯಿತು.

ಕಲಿಯುವವರಿಗೆ ಎರಡು ಹಲಗೆ. ನೀರಲ್ಲಿ ಕುಕ್ಕರಗಾಲಿನಲ್ಲಿ ತೇಲುತ್ತ, ಲೈಫ್ ಜಾಕೆಟ್ಟಿನ ಮೇಲೆ ಬರೀ ಕಣ್ಣು ಮೂಗು ಕಾಣುವಂತೆ ಅವರು ಹಗ್ಗ ಹಿಡಿದಿದ್ದರು. ಅವತ್ತು ದೋಣಿ ಓಡಿಸಿದವಳು ಗೆಳತಿ. ಹಿಂದಕ್ಕೆ ಮುಖ ಮಾಡಿ ಕುಳಿತವಳು ನಾನು.

"ಕೈ ನೆಟ್ಟಗಿರಲಿ, ಮೊಣಕಾಲು ಮಡಚಿರಲಿ," ಎಂದು ಕೂಗಿದೆ. "ನೀವು ಏಳಬ್ಯಾಡ್ರಿ! ದೋಣೀನ ನಿಮ್ಮನ್ನ ಎಬ್ಬಿಸ್ತೈತಿ!"

ಮೊದಲ ಸಲ ತಾವೇ ಏಳಲು ಹೋಗಿ ಪಲ್ಟಿಯಾದರು. ಎರಡನೆಯ ಸಲ ಬಿದ್ದರೂ ಹಗ್ಗ ಬಿಡಲಿಲ್ಲ, ಕೆರೆಯ ನೀರನ್ನೆಲ್ಲ ತಲೆಯಿಂದ ಉತ್ತುಕೊಂಡು ಬಂದರು. "ಬಿಡ್ರೀ! ಹಗ್ಗ ಬಿಡ್ರೀ!" ಎಂದು ನಾನು ಕೂಗುತ್ತಲೇ ಇದ್ದೆ. ಮೇಲೆ ಬಂದಾಗ ಕೆಮ್ಮುತ್ತ, "ಬಿಡು ಅಂತ ಮೊದಲೇ ಹೇಳ್ಬಾರ್ದಾ?" ಎಂದರು. ಸಾಕು ಬನ್ನಿ ಎಂದೆ. "ಇನ್ನೊಂದ್ಸಲ," ಎಂದರು. ನನಗೆ ನಂಬಿಕೆಯಾಗಲಿಲ್ಲ.

ಮೂರನೆಯ ಸಲ ಅವರು ಏಳಲಿಲ್ಲ. ದೋಣಿಯೇ ಎಬ್ಬಿಸಿತು. ಮೊದಲು ತಲೆ, ಆಮೇಲೆ ಹೊಟ್ಟೆ, ಆಮೇಲೆ ಮೊಣಕಾಲು, ಕೊನೆಗೆ ಇಡೀ ಮನುಷ್ಯ ನೀರಿನ ಮೇಲೆ ನಿಂತಿದ್ದರು! ಇಷ್ಟು ವರ್ಷದ ಸಂಸಾರದಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ. ಬಾಯಿ ತೆರೆದೇ ಇತ್ತು, ಕಣ್ಣು ಎಲ್ಲಿಯೂ ನೆಟ್ಟಿರಲಿಲ್ಲ. ಕೆರೆಯ ಅರ್ಧದವರೆಗೆ ಬಂದು ಸಾವಕಾಶವಾಗಿ ಒಂದು ಬದಿಗೆ ವಾಲಿ ಬಿದ್ದರು. ನಾವು ಹತ್ತಿರ ಹೋದಾಗ ಅವರು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಎಳೀತು ಕಣೇ!" ಎಂದರು. "ಸಣ್ಣ ಎಂಜಿನ್ನೇ ಎಳೀತು! ಆದ್ರೆ ಶುರುವಿನಲ್ಲಿ ಒಂಚೂರು ತಿಣುಕ್ತು. ಕೈಗೆ ಗೊತ್ತಾಯ್ತು."

ಮುಂದಿನ ಸರದಿ ಅವತ್ತು ಆಡಲು ಬಂದಿದ್ದ ಮೆಕ್ಯಾನಿಕ್‌ನದು. ಅವನು ಚೆಂಡಿನಿಂದ ಚೆಂಡಿಗೆ ಮೈಯೆಲ್ಲ ಹೇರಿ ಎಳೆಯುವವನು. ನನ್ನ ಗಂಡ ಟವೆಲ್ ಹೊದ್ದು, ಹಲ್ಲು ಕಟಕಟ ಎನ್ನುತ್ತ ಗೆಳತಿಯ ಪಕ್ಕದಲ್ಲಿ ಕುಳಿತು ವೇಗದ ಮುಳ್ಳನ್ನೇ ದಿಟ್ಟಿಸಿದರು. ಹಿಂದೆ ನೋಡುವ ಕೆಲಸ ನನ್ನದೇ ಇತ್ತು. ಅವನು ಎಳೆದಾಗಲೆಲ್ಲ ಮುಳ್ಳು ಕೆಳಗಿಳಿಯುತ್ತಿತ್ತಂತೆ, ಆಮೇಲೆ ನಿಧಾನ ಮೇಲೇರುತ್ತಿತ್ತಂತೆ.

ದಡಕ್ಕೆ ಬಂದ ಮೆಕ್ಯಾನಿಕ್, "ನೋಡಿದಿರಾ? ಅದಕ್ಕೇ ದೊಡ್ಡದು ಅಂದೆ," ಎಂದ.

ನನ್ನ ಗಂಡ ತಲೆಯಾಡಿಸಲಿಲ್ಲ. ನೀರು ಸೋರುತ್ತ ನಿಂತು ಕೇಳಿದರು: "ಬಸ್ಸು ಘಾಟಿ ಹತ್ತುವಾಗ ಡ್ರೈವರ್ ಎಂಜಿನ್ ಬದಲಾಯಿಸುತ್ತಾನೆಯೇ? ಗೇರ್ ಇಳಿಸುತ್ತಾನೆ. ಈ ದೋಣಿಯಲ್ಲಿ ಗೇರಿನ ಜಾಗದಲ್ಲಿ ಏನಿದೆ?"

"ಪ್ರೊಪೆಲರ್," ಎಂದ ಮೆಕ್ಯಾನಿಕ್. ಆಮೇಲೆ ಜೋರಾಗಿ ನಕ್ಕ. "ಈಗಿರುವುದು ವೇಗಕ್ಕೆಂದು ಹಾಕಿದ್ದು. ರೆಕ್ಕೆಯ ಓರೆ ಕಡಿಮೆ ಇರುವುದು ಹಾಕಿದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ, ಎಳೆತ ಬೇಗ ಬರುತ್ತದೆ. ತುದಿಯ ವೇಗ ಸ್ವಲ್ಪ ಹೋಗುತ್ತದೆ."

"ಆ ವೇಗ ಯಾರಿಗೆ ಬೇಕ್ರಿ?" ಎಂದೆ ಗಂಡನಿಗೆ. "ನಾವು ಯಾವತ್ತರ ಅಷ್ಟು ಜೋರ್ ಹೋಗೀವೇನು?"

ಕ್ಲಬ್ಬಿನವರನ್ನು ಕೇಳಿ, ಮತ್ತೊಂದು ವಾರ ಅಂಥ ನಾಲ್ಕು ರೆಕ್ಕೆಯ ಪ್ರೊಪೆಲರ್ ಹಾಕಿ ನೋಡಿದೆವು. ಮೆಕ್ಯಾನಿಕ್ ಬೇಕೆಂದೇ ರಾಕ್ಷಸನಂತೆ ಎಳೆದ. ಮುಳ್ಳು ಕೊಂಚ ತಲೆಬಾಗಿಸಿ ತಕ್ಷಣ ಮೊದಲಿನ ಜಾಗಕ್ಕೆ ಬರುತ್ತಿತ್ತು. ನನ್ನ ಗಂಡ ಅದನ್ನು ನೋಡುತ್ತ ಚಪ್ಪಾಳೆ ತಟ್ಟಿದರು. ಸಣ್ಣ ಎಂಜಿನ್, ನಾಲ್ಕು ರೆಕ್ಕೆ ಎಂದು ಅಲ್ಲೇ ನಿಂತು ತೀರ್ಮಾನಿಸಿದೆವು. ಮೆಕ್ಯಾನಿಕ್ ತನ್ನ ಮೊದಲಿನ ಸಲಹೆಯನ್ನು ಒಂದೇ ಮಾತಿನಲ್ಲಿ ಹಿಂದಕ್ಕೆ ತೆಗೆದುಕೊಂಡ: "ಎಂಟು ಲೀಟರ್ ನನ್ನ ಆಸೆ. ಇದು ನಿಮ್ಮ ದೋಣಿ."

ಮೇ ತಿಂಗಳ ಕೊನೆಗೆ ದೋಣಿ ಸಿದ್ಧವಾಯಿತು. ಸರಪಳಿಯಲ್ಲಿ ತೂಗಿಬಿಟ್ಟ ಹೊಸ ಎಂಜಿನ್ ಇಂಚಿಂಚಾಗಿ ದೋಣಿಯ ನಡುವಿಗೆ ಇಳಿಯುವುದನ್ನು ನೋಡಲು ನಾವು ಮೂವರೂ ವರ್ಕ್‌ಶಾಪಿಗೆ ಹೋಗಿದ್ದೆವು. ಗೆಳತಿ ಅದಕ್ಕೆ ಕೈಮುಗಿದಳು. ಹಾಗೆ ಮಾಡಬೇಕೆಂದು ನಾನೇನೂ ಹೇಳಿರಲಿಲ್ಲ.

ಕೆರೆಯಲ್ಲಿ ಮೊದಲ ಸರದಿ ಆಕೆಯದೇ ಎಂದು ನಾವಿಬ್ಬರೂ ಹಟ ಹಿಡಿದೆವು. ಆಕೆ ನಿಧಾನದ ವೇಗದಲ್ಲಿ ಆಡುವವಳು. ನಿಧಾನವಾದಷ್ಟೂ ಅಲೆ ದೊಡ್ಡದು, ಹಾಗಾಗಿ ದೋಣಿಯ ನಿಜವಾದ ಪರೀಕ್ಷೆ ಆಕೆಯೇ. ಗಂಡ ಓಡಿಸಿದರು. ಆಕೆಯ ಬಿಳಿಗೂದಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತ ಆರೂ ಚೆಂಡು ಸುತ್ತಿತು. ಆಚೆ ತುದಿಯಲ್ಲಿ ಹಗ್ಗ ಬಿಟ್ಟು ನೀರಿಗೆ ಕುಸಿದು ಕುಳಿತವಳ ಬಳಿ ಹೋಗಿ, ಹೇಗಿದೆ ಎಂದು ಕೇಳಿದೆವು.

"ಯಾವುದು ಹೇಗಿದೆ?" ಎಂದಳು.

"ಅಲೆ."

"ಇತ್ತೇ? ನಾನು ಗಮನಿಸಲಿಲ್ಲ."

ಅದಕ್ಕಿಂತ ಒಳ್ಳೆಯ ಮಾತು ನಮಗೆ ಬೇಕಾಗಿರಲಿಲ್ಲ. ನನ್ನ ಗಂಡ ಎಂಜಿನ್ ನಿಲ್ಲಿಸಿ, ಸೀಟಿನ ಕೆಳಗಿನಿಂದ ಹೊಸ ವೆಟ್‌ಸೂಟ್ ಹೊರತೆಗೆದರು. ಅವರು ಅದನ್ನು ಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ಜಿಪ್ ಎಳೆಯಲು ಬೆನ್ನು ನನ್ನ ಕಡೆ ತಿರುಗಿಸಿ, "ಬೇಗ ಕಣೇ, ಮೋಡ ಬರ್ತಿದೆ," ಎಂದರು.