ತಂಗಿಯ ಇಂಗ್ಲೆಂಡು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಬಂಗುಡೆ ಮೀನು ಹುರಿಯುವ ವಾಸನೆ ಬಂದಾಗ ನನಗೆ ನೆನಪಾದದ್ದು ಇಂಗ್ಲೆಂಡು. ನಗಬೇಡಿ. ನಾನಿರುವ ಈ ಯಡ್ತರೆಯಿಂದ ಮಂಗಳೂರು ದಾಟಿ ಹೋದವಳಲ್ಲ ನಾನು. ಆದರೂ ಅಲ್ಲಿಯ ಒಂದು ಬೀದಿ ನನಗೆ ಬೈಂದೂರು ಪೇಟೆಗಿಂತ ಚೆನ್ನಾಗಿ ಗೊತ್ತು.

ಹಂಗಾರಕಟ್ಟೆಯ ನಮ್ಮ ತವರುಮನೆಯಲ್ಲಿ ನನ್ನ ಬೆನ್ನಿಗೆ ಹುಟ್ಟಿದ ಜಾನಕಿ ನರ್ಸ್ ಆಗಿ ಅಲ್ಲಿಗೆ ಹೋಗಿ ಹತ್ತು ವರ್ಷ ದಾಟಿತು. ಪ್ರತಿ ಭಾನುವಾರ ಅವಳ ಫೋನು. ಮೊದಲ ಚಳಿಗಾಲದಲ್ಲಿ ಒಮ್ಮೆ ಕಿಟಕಿ ಮುಚ್ಚಿ ಮೀನು ಹುರಿದಳಂತೆ. ಪಕ್ಕದ ಮನೆಯ ಡೊರೀನ್ ಎಂಬ ವಯಸ್ಸಾದ ಹೆಂಗಸು ಬಾಗಿಲು ತಟ್ಟಿ, ವಾಸನೆ ಸ್ವಲ್ಪ ನೋಡಿಕೊಳ್ಳಿ ಎಂದರಂತೆ.

"ಬೈಲಿಲ್ಲ ಅಕ್ಕ, ನಗಾಡ್ಕಂಡೇ ಹೇಳ್ರ್. ಅದಕ್ಕೇ ಬೇಜಾರ್," ಎಂದಳು. ಆಮೇಲೆ ಆ ಮನೆಯಲ್ಲಿ ಮೀನು ಹುರಿಯಲೇ ಇಲ್ಲ.

ವರ್ಷ ಕಳೆದಂತೆ ಆ ಬೀದಿಯೇ ಬದಲಾಯಿತು. ಸಂಜೆ ಗಂಡಸರು ಸೇರುತ್ತಿದ್ದ ಮೂಲೆಯ ಪಬ್ಬು ಮುಚ್ಚಿ ಬಾಗಿಲಿಗೆ ಹಲಗೆ ಹೊಡೆದರು. ಬ್ಯಾಂಕು ಎದ್ದುಹೋಯಿತು. ಅಂಗಡಿಯಲ್ಲಿ ಅವಳನ್ನು ಅಕ್ಕರೆಯಿಂದ ಮಾತಾಡಿಸುತ್ತಿದ್ದ ಹುಡುಗಿಯ ಜಾಗಕ್ಕೆ ತಾನೇ ಮಾತಾಡಿ ಬಿಲ್ಲು ಮಾಡುವ ಯಂತ್ರ ಬಂತು. ಅದೇ ಅಂಗಡಿಗೆ ಕರಿಬೇವೂ ಬಂತು. ಯುರೋಪಿನ ಜೊತೆ ಇರಬೇಕೋ ಬೇಡವೋ ಎಂದು ದೇಶದಲ್ಲಿ ಏನೋ ದೊಡ್ಡ ಓಟು ನಡೆದ ಮೇಲೆ ಬಸ್‌ಸ್ಟಾಪಿನಲ್ಲಿ ಒಬ್ಬ, ನಿನ್ನ ಊರಿಗೆ ಯಾವಾಗ ಹೋಗುತ್ತೀ ಎಂದು ಕೇಳಿದ. ಇದನ್ನು ನನಗೆ ಹೇಳಲು ಅವಳು ಬಹಳ ದಿನ ತೆಗೆದುಕೊಂಡಳು.

ಆಮೇಲೆ ಆ ಕೊರೊನಾ ರೋಗದ ಕಾಲ. ಡೊರೀನ್ ಅವರ ಗಂಡ ಸೇರಿದ್ದು ಜಾನಕಿಯ ವಾರ್ಡಿಗೇ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಕೊನೆಗಳಿಗೆಯಲ್ಲಿ ಆ ಮನುಷ್ಯನ ಕೈ ಹಿಡಿದು ಕೂತವಳು ಇವಳೇ. ಮಣ್ಣು ಮಾಡಿ ಬಂದ ಮೇಲೆ ಬೇಲಿಯಾಚೆ ನಿಂತು ಡೊರೀನ್ ಕೇಳಿದರಂತೆ, "ಕೊನೆಗೆ ಏನಾದರೂ ಹೇಳಿದರಾ?"

"ನಿಮ್ಮ ಹೆಸ್ರ್ ಹೇಳ್ರ್ ಅಂದೆ," ಎಂದಳು ಜಾನಕಿ ಫೋನಿನಲ್ಲಿ. ಆಮೇಲೆ ನನಗೆ ನಿಜ ಹೇಳಿದಳು, "ಎಂತದೂ ಹೇಳ್ಲಿಲ್ಲ ಅಕ್ಕ. ಹೇಳುಕೆ ಉಸ್ರೇ ಇರ್ಲಿಲ್ಲ."

ಅಲ್ಲಿಂದ ಡೊರೀನ್ ಭಾನುವಾರಗಳಂದು ಇವಳ ಮನೆಗೆ ಬರತೊಡಗಿದರು. ಮೀನು ಹುರಿಯಲು ಹೇಳಿದ್ದೂ ಅವರೇ. ನನ್ನ ಜೊತೆಗಿನ ಫೋನಿನ ಮಾತು ಗಿಡ್ಡವಾಗುತ್ತ ಬಂತು. "ಅಕ್ಕ, ಡೊರೀನ್ ಬಂದ್ರ್. ಮತ್ತೆ ಮಾಡ್ತೆ." ಕಾಣದ ದೇಶದ ಮುದುಕಿಯ ಮೇಲೆ ಈ ವಯಸ್ಸಿನಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿತೆಂದರೆ ನೀವು ನಂಬಬೇಕು.

ಹೋದ ವರ್ಷ ಊರಿಗೆ ಬಂದಿದ್ದಳು. ಹಂಗಾರಕಟ್ಟೆಯ ಹೊಳೆಬದಿಯಲ್ಲಿ ಇಬ್ಬರೂ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ, "ಇಲ್ಲೇ ಇಪ್ಪುಕೆ ಆತ್ತಿಲ್ಯಾ? ಕುಂದಾಪ್ರದಗೆ ಆಸ್ಪತ್ರೆ ಇಲ್ಯಾ?"

ದಾಟಿ ಹೋಗುತ್ತಿದ್ದ ದೋಣಿಯೊಂದನ್ನು ನೋಡುತ್ತ ಅವಳು ಹೇಳಿದಳು, "ನಾ ಬಂದ್ರೆ ಡೊರೀನ್ ಒಬ್ರೇ ಆತ್ರ್, ಅಕ್ಕ."

ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನಿರುವುದೂ ಒಬ್ಬಳೇ. ಅದು ಬಾಯಿಯವರೆಗೆ ಬಂತು, ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲದ್ದೇನಲ್ಲ. ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕತ್ತಲಾಗುವವರೆಗೂ ಕೂತಿದ್ದಳು.

ಇವತ್ತು ಭಾನುವಾರ. ಫೋನು ಬಂದಾಗ, ಡೊರೀನ್ ಬಂದರೆ ಫೋನು ಇಡಬೇಡ, ಅವರನ್ನೂ ಪಕ್ಕದಲ್ಲಿ ಕೂರಿಸಿಕೋ ಎನ್ನಬೇಕೆಂದಿದ್ದೇನೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ನಮ್ಮಿಬ್ಬರ ಮಾತನ್ನೂ ಜಾನಕಿಯೇ ಆಡಬೇಕು. ಅಷ್ಟು ಹೊತ್ತು ಹೆಚ್ಚಿಗೆ ಅವಳ ದನಿ ಕೇಳುತ್ತದೆ.