ಲೆನ್ಸಿನ ಮೇಲೆ ಮಾವನ ಹೆಸರು

“ಸಾ, ಕೊಟ್ಟೋರ್ ಹೆಸ್ರು ಏನಂತ ಕೊರೀಲಿ?” ಹೊಳೆನರಸೀಪುರದ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವಾತ ಕೇಳಿದಾಗ ತಬ್ಬಿಬ್ಬಾದೆ. ಅವನ ಕೈಲಿದ್ದದ್ದು ಬಿಂದಿಗೆಯಲ್ಲ, ತೀರಿಕೊಂಡ ಸೋದರಮಾವ ನನಗೆ ಕೊಟ್ಟಿದ್ದ ಹಳೆಯ ಲೆನ್ಸು. ಅದು ಯಾವ ಲೆನ್ಸೆಂದು ನನ್ನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಗೆ ತಿಳಿದು, ಚಿತ್ರದ ಮೂಲೆಗಳಲ್ಲಿ ಕವಿಯುವ ಮಬ್ಬನ್ನು ಅದು ತಾನೇ ತಿದ್ದಬೇಕಾದರೆ ಲೆನ್ಸಿನ ಹಿಂಬದಿಯ ಲೋಹದ ಬಳೆಯಲ್ಲಿ ಕಪ್ಪು ಗುರುತುಗಳಿರಬೇಕು. ಬಣ್ಣ ನಿಲ್ಲಲು ಪುಟ್ಟ ಗುಳಿ ಕೊರೆಸಲು ಹೋಗಿದ್ದೆ. “ಮಾವ ಕೊಟ್ಟದ್ದು, ಜೋಪಾನ” ಎಂದಿದ್ದೇ ತಪ್ಪಾಯಿತು!

“ಹೆಸರು ಬೇಡಪ್ಪ, ಗುಳಿ ಸಾಕು” ಎಂದೆ.

“ಒಂದ್ ಲೋಟುಕ್ಕೇ ಆಕುಸ್ತಾರೆ, ಇದುಕ್ಕೆ ಬ್ಯಾಡ್ವಾ ಸಾ?”

ಮಾವನ ಹೆಸರು ಹೇಳಿದೆ. ಗುಳಿಗಳ ಜೊತೆಗೆ ಅದನ್ನೂ ಲೆನ್ಸಿನ ಬದಿಯ ಮೇಲೆ ಮುದ್ದಾಗಿ ಕೊರೆದುಕೊಟ್ಟ.

ನಾನು ತೆಗೆಯುವುದೆಲ್ಲ ರಾ ಫೈಲು, ಆಮೇಲೆ ಹದ ಮಾಡಿಕೊಳ್ಳಬೇಕಾದ ಹಸಿ ಚಿತ್ರಗಳು. ಮೂಲೆಯ ಮಬ್ಬನ್ನು ಕಂಪ್ಯೂಟರಿನಲ್ಲೇ ತಿದ್ದಬಹುದು, ಗುಳಿಗಳಿಲ್ಲದೆಯೂ ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. ಆದರೆ ಲೆನ್ಸು ಬಿಚ್ಚಿದಾಗಲೆಲ್ಲ ನನ್ನ ಹೆಬ್ಬೆರಳು ಈಗಲೂ ಮಾವನ ಹೆಸರನ್ನೊಮ್ಮೆ ಸವರಿಯೇ ಮುಂದೆ ಹೋಗುತ್ತದೆ.