ಹೆಬ್ಬಳ್ಳಿ ಬಯಲಿಗೆ ಸೈನ್ಯ ಬಂದಾಗ

ಅಮರಗೋಳದ ಮಾರುಕಟ್ಟೆಯಲ್ಲಿ ನನ್ನದೊಂದು ಗೋಣಿಚೀಲದ ಅಂಗಡಿ. ಚೀಲ ಕೊಳ್ಳಲು ಬಂದ ರೈತರು ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದೇ ಹೋಗುವುದು ರೂಢಿ. ಹಾಗಾಗಿ ಸುತ್ತಲಿನ ಹಳ್ಳಿಗಳ ಸುದ್ದಿ ಪತ್ರಿಕೆಗಿಂತ ಮೊದಲು ನನಗೆ ತಲುಪುತ್ತದೆ. ಎರಡು ವರ್ಷದ ಹಿಂದೆ, ಕಡಲೆ ರಾಶಿ ಮುಗಿಯುತ್ತಿದ್ದ ದಿನಗಳಲ್ಲಿ, ಹೆಬ್ಬಳ್ಳಿಯ ರೈತನೊಬ್ಬ ತಮ್ಮೂರಿನಾಚೆಯ ಬಯಲಿನಲ್ಲಿ ಮಿಲಿಟರಿಯವರು ಡೇರೆ ಹಾಕಿದ್ದಾರೆ ಎಂದ. ತರಬೇತಿಗೆ ಬಂದಿದ್ದಾರೆ, ಹದಿನೈದು ದಿನ ಇದ್ದು ಹೋಗುತ್ತಾರೆ ಎಂದು ಊರಲ್ಲಿ ಡಂಗುರ ಹೊಡೆಸಿದ್ದರಂತೆ.

"ತರಬೇತಿ ಅಂತ ಬರೇ ಹೇಳಾಕ್ರಿ ಸಾವ್ಕಾರ್ರ," ಎಂದು ಅವನು ದನಿ ತಗ್ಗಿಸಿದ. "ನಮ್ಮ ಹೊಲಾ ಅಳ್ಯಾಕ ಬಂದಾರ. ನೋಡ್ರಿ ಬೇಕಾದ್ರ."

ಎರಡು ದಿನಕ್ಕೆ ಆ ಮಾತು ಹಳೆಯದಾಯಿತು. ಯುದ್ಧ ಬರಲಿದೆ, ಮೊದಲು ಮೊಬೈಲ್ ಟವರ್ ಬಂದ್ ಮಾಡುತ್ತಾರೆ, ಆಮೇಲೆ ಪೆಟ್ರೋಲ್ ಸಿಗುವುದಿಲ್ಲ ಎಂದು ಇನ್ನೊಬ್ಬ ಹೇಳಿದ. ನವನಗರದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೆಲಿಕಾಪ್ಟರಿನ ಫೋಟೋಕ್ಕೆ ಕೆಂಪು ಗೆರೆ ಸುತ್ತಿ, ಇದರ ಬಾಗಿಲಿಗೆ ಯಾಕೆ ಪರದೆ ಹಾಕಿದ್ದಾರೆ ಎಂದು ಕೇಳಿದ್ದರು. ನಗು ಬಂತು. ಆದರೂ ಸಂಜೆ ಸ್ಕೂಟರ್ ತೆಗೆದುಕೊಂಡು ಪೆಟ್ರೋಲ್ ಪಂಪಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತವರಲ್ಲಿ ನಾನೂ ಒಬ್ಬ.

ಆ ರವಿವಾರ ಊಟಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಬ್ಬಳೇ ಇರುತ್ತಾಳೆ, ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಾಳೆ. ಮದುವೆಯಾಗುವಾಗ ಅವಳಿಗೆ ಹಿಂದಿಯ ಒಂದು ಸಾಲೂ ನೆಟ್ಟಗೆ ಬರುತ್ತಿರಲಿಲ್ಲ. ಮಾವ, ಅಂದರೆ ಅವಳ ಗಂಡ, ಸೈನ್ಯದಲ್ಲಿದ್ದ. ಮದುವೆಯಾದ ಮೂರನೇ ವರ್ಷ ಉತ್ತರದ ಹಿಮದ ನಾಡಿನಲ್ಲಿ ಗಸ್ತು ಹೋದಾಗ ಹೊಳೆ ದಾಟುವಲ್ಲಿ ಕಾಲು ಜಾರಿ ಕೊಚ್ಚಿಕೊಂಡು ಹೋದ. ಹುಡುಕಿದರು. ದೇಹ ಸಿಗಲಿಲ್ಲ. ವರ್ಷಗಳು ಕಳೆದ ಮೇಲೆ ತೀರಿಕೊಂಡಿದ್ದಾನೆಂದು ಕಾಗದ ಬಂತು. ಅಷ್ಟರೊಳಗೆ ಅಕ್ಕ ಊರೂರಿನ ಸೈನ್ಯದ ಕಚೇರಿಗಳಿಗೆ ಪತ್ರ ಬರೆಯಲೆಂದೇ ಹಿಂದಿ ಕಲಿತು, ಪರೀಕ್ಷೆಗಳನ್ನೂ ಕಟ್ಟಿ ಪಾಸಾಗಿದ್ದಳು.

ಮಾವ ರಜೆಯ ಮೇಲೆ ಬಂದರೆ ನಮ್ಮ ಮನೆಯ ಕಳೆಯೇ ಬೇರೆಯಾಗುತ್ತಿತ್ತು. ಅವನಿಗೆ ಮಂಚದ ಮೇಲೆ ನಿದ್ದೆ ಬರುತ್ತಿರಲಿಲ್ಲ, ಅಂಗಳದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ. ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಉಣಕಲ್ ಕೆರೆಯ ತನಕ ಒಂದೇ ಉಸಿರಿಗೆ ತುಳಿಯುತ್ತಿದ್ದ. ಅಕ್ಕ ಏನಾದರೂ ಕೇಳಿದರೆ ಮೊದಲು ನಕ್ಕು, ಆಮೇಲೆ ಉತ್ತರ ಕೊಡುವ ಮನುಷ್ಯ. ಆ ನಗು ಕೇಳಿ ಇಪ್ಪತ್ತೊಂದು ವರ್ಷವಾಗಿತ್ತು.

ಊಟದ ನಡುವೆ ಅಕ್ಕನಿಗೆ ಈ ಸುದ್ದಿಗಳನ್ನೆಲ್ಲ ತಮಾಷೆಯಾಗಿ ಹೇಳಿದೆ. ಹೊಲ ಅಳೆಯುವ ಮಾತಿಗೆ ನಕ್ಕಳು, ಟವರಿನ ಮಾತಿಗೂ ನಕ್ಕಳು. ಅದೇ ಹುರುಪಿನಲ್ಲಿ ಹಿಂದಿನ ದಿನ ಬಂದ ಹೊಸ ಸುದ್ದಿಯನ್ನೂ ಹೇಳಿಬಿಟ್ಟೆ.

"ಮುಚ್ಚಿದ ಟ್ರಕ್ಕಿನ್ಯಾಗ ಮಂದಿನ್ನ ತಂದಾರಂತ. ಪರದೇಶದ ಜೇಲಿನ್ಯಾಗಿಂದ ಬಿಡಿಸ್ಕೊಂಡು ಬಂದ ನಮ್ಮ ಸೈನಿಕರಂತ. ವಿಚಾರಣಿ ಮುಗಿಯೂತನಕ ಮನಿಯವ್ರಿಗೂ ಹೇಳೂದಿಲ್ಲಂತ."

ಅಕ್ಕ ಸಾರು ಬಡಿಸುತ್ತಿದ್ದಳು. ಸೌಟು ನನ್ನ ತಟ್ಟೆಯ ಮೇಲೆ ಹಾಗೇ ನಿಂತಿತು. ನಾನು ಆಡಿದ ಮಾತು ಎಂಥದೆಂದು ಆಗ ತಿಳಿಯಿತು. ಮಾತು ಬದಲಿಸಲು ನೋಡಿದೆ, ಅವಳು ಬಿಡಲಿಲ್ಲ.

"ಯಾರ ಹೇಳಿದ್ರು?"

"ಅಂಗಡಿಗೆ ಬಂದ ಹೆಬ್ಬಳ್ಳಿ ರೈತ. ಅವ್ನ ಮಾತು ನಂಬ್ತಿ ಏನಕ್ಕಾ? ಬಾಯಿಗೆ ಬಂದದ್ದು ಹೇಳ್ತಾನ."

"ನಂಬ್ತೇನಿ ಅಂತ ಎಲ್ಲಿ ಅಂದೆ," ಎಂದಳು.

ಮಂಗಳವಾರ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ನನ್ನ ಬಾಗಿಲಿಗೆ ಬಂದಳು. ನೀಲಿ ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಪತ್ರಗಳ ಫೈಲು. "ಹೆಬ್ಬಳ್ಳಿಗೆ ಕರ್ಕೊಂಡು ಹೋಗು. ನೀ ಒಲ್ಲೆ ಅಂದ್ರ ಬಸ್ಸಿಗೆ ಹೋಗ್ತೇನಿ," ಎಂದಳು. ಬುದ್ಧಿ ಹೇಳುವ ಬಾಯಿ ನನಗಿರಲಿಲ್ಲ. ಸ್ಕೂಟರ್ ತೆಗೆದೆ.

ದಾರಿಯುದ್ದಕ್ಕೂ ಅವಳು ನನ್ನ ಹೆಗಲು ಹಿಡಿದಿದ್ದಳು. ಊರು ದಾಟಿದ ಮೇಲೆ ಕರಿಮಣ್ಣಿನ ಹೊಲಗಳು ಮುಗಿದು ಬಯಲು ಬಂತು. ಸಾಲು ಡೇರೆಗಳು, ಅವುಗಳ ಮುಂದೆ ತಂತಿಬೇಲಿ. ಬಿದಿರಿನ ಅಡ್ಡಗೋಲಿನ ಹತ್ತಿರ ಬಂದೂಕು ಹಿಡಿದ ಯುವಕನಿಗೆ ಅಕ್ಕ ಹಿಂದಿಯಲ್ಲಿ ತನ್ನ ಪರಿಚಯ ಹೇಳಿ, ದೊಡ್ಡವರು ಯಾರನ್ನಾದರೂ ಕಾಣಬೇಕು ಎಂದಳು. ಅವನು ಒಳಗೆ ಹೋಗಿ ಹವಾಲ್ದಾರನೊಬ್ಬನನ್ನು ಕರೆತಂದ. ಅಕ್ಕ ಅವನಿಗೂ ಹಿಂದಿಯಲ್ಲೇ ಶುರುಮಾಡಿದಳು. ಮಾವನ ರೆಜಿಮೆಂಟು, ನಂಬರು, ಹೊಳೆಯ ಹೆಸರು ಎಲ್ಲವನ್ನೂ ಪಾಠ ಒಪ್ಪಿಸುವಂತೆ ಹೇಳಿದಳು. ಫೈಲು ಬಿಚ್ಚಿ ಫೋಟೋ ತೋರಿಸಿದಳು.

ಅವನು ಫೋಟೋ ನೋಡಿ, ಅವಳ ಮುಖ ನೋಡಿ ಕನ್ನಡದಲ್ಲಿ ಹೇಳಿದ: "ಅಕ್ಕಾರ, ನಾ ಬೈಲಹೊಂಗಲ ಕಡ್ಯಾಂವ ರಿ. ನಮ್ಮ ಭಾಷಾದಾಗ ಹೇಳ್ರಿ."

ಅಷ್ಟಕ್ಕೇ ಅಕ್ಕನ ಕಣ್ಣು ತುಂಬಿದವು. ನಾನೇ ಮುಂದಾಗಿ ಜನ ಆಡುತ್ತಿರುವ ಮಾತನ್ನು ಹೇಳಿದೆ. ಅವನು ನಗಲಿಲ್ಲ.

"ಅಂಥಾವ್ರು ಇಲ್ಲಿ ಯಾರೂ ಇಲ್ರಿ ಅಕ್ಕಾರ. ಖರೇ ಹೇಳ್ತೇನಿ. ನಾವು ಓಡಾಕ, ಡೇರೆ ಹಾಕಾಕ, ಗುರಿ ಹೊಡ್ಯಾಕ ಬಂದೇವಿ."

"ಆ ಮುಚ್ಚಿದ ಗಾಡಿ?" ಎಂದಳು ಅಕ್ಕ.

ಅದೇ ಹೊತ್ತಿಗೆ ಒಂದು ಟ್ರಕ್ಕು ಹೊರಗಿನಿಂದ ಬಂದು ನಿಂತಿತ್ತು. ಅವನು ತುಸು ಯೋಚಿಸಿ, ಹಿಂದೆ ಹೋಗಿ ಅದಕ್ಕೆ ಹೊದಿಸಿದ್ದ ತಾಡಪತ್ರಿ ಎತ್ತಿ ಹಿಡಿದ. ಉಳ್ಳಾಗಡ್ಡಿ, ಬಟಾಟೆಯ ಚೀಲಗಳು, ಮಡಿಚಿದ ಮಂಚಗಳು, ನೀರಿನ ಕ್ಯಾನುಗಳು. ಅಕ್ಕ ಬಹಳ ಹೊತ್ತು ನೋಡಿದಳು, ಚೀಲಗಳ ಹಿಂದೆ ಯಾರಾದರೂ ಕೂತಿರಬಹುದು ಎನ್ನುವ ಹಾಗೆ. ಆಮೇಲೆ ಫೈಲಿನ ದಾರ ಕಟ್ಟಿದಳು.

ಹೊರಡುತ್ತೇವೆ ಎಂದುಕೊಂಡೆ. ಅವಳು ಮಾತ್ರ ಹವಾಲ್ದಾರನ ಕಡೆ ತಿರುಗಿ, "ನೀವು ಆ ಕಡೆ ಇದ್ರೇನು? ಆ ಹಿಮದ ನಾಡಿನ್ಯಾಗ?" ಎಂದಳು.

"ಮೂರು ವರ್ಷ ಇದ್ದೆ ರಿ."

"ಆ ಹೊಳಿ ನೀರು ಎಷ್ಟು ತಣ್ಣಗಿರತೈತಿ?"

ಇಪ್ಪತ್ತೊಂದು ವರ್ಷದಲ್ಲಿ ಅವಳು ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಯಾರನ್ನು ಕೇಳಬೇಕಿತ್ತು? ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಕೈ ಅದ್ದಿ ಹತ್ತು ಎಣಿಸೂದ್ರಾಗ ಬೆರಳು ನಮ್ಮವಲ್ಲ ಅನ್ನಿಸ್ತಾವ್ರಿ. ಆಮ್ಯಾಲೆ ಏನೂ ಗೊತ್ತಾಗೂದಿಲ್ಲ. ನಾ ಒಮ್ಮೆ ಸೊಂಟದ ಮಟಾ ಬಿದ್ದಿದ್ದೆ. ನೋವು ಆಗಲಿಲ್ರಿ ಅಕ್ಕಾರ. ನಿದ್ದಿ ಬಂದಂಗ ಆಗಿತ್ತು."

"ನಿದ್ದಿ ಬಂದಂಗ," ಎಂದಳು ಅಕ್ಕ.

"ಹೌದ್ರಿ."

ಅವನು ಇಬ್ಬರಿಗೂ ಸ್ಟೀಲಿನ ಲೋಟದಲ್ಲಿ ಚಹಾ ತರಿಸಿದ. ಅಕ್ಕ ಪೂರ್ತಿ ಕುಡಿದಳು. ಮರಳುವಾಗ ಬಿಸಿಲು ಏರಿತ್ತು. ನನ್ನ ಬೆನ್ನಿಗೆ ಹಣೆ ಹಚ್ಚಿ ಸದ್ದಿಲ್ಲದೆ ಅಳುತ್ತಿದ್ದಳು. ಅಂಗಿ ಒದ್ದೆಯಾದದ್ದರಿಂದ ಅದು ನನಗೆ ತಿಳಿಯಿತು.

ಮುಂದಿನ ವಾರ ಡೇರೆ ಕಿತ್ತು ಸೈನ್ಯ ಹೊರಟುಹೋಯಿತು. ಯುದ್ಧ ಬರಲಿಲ್ಲ, ಟವರ್ ಬಂದಾಗಲಿಲ್ಲ, ಯಾರ ಹೊಲವೂ ಹೋಗಲಿಲ್ಲ. ಹಾಗೆಂದು ಸುದ್ದಿ ನಿಲ್ಲಲಿಲ್ಲ. ಆ ಹೆಬ್ಬಳ್ಳಿಯ ರೈತ ಮತ್ತೆ ಬಂದವನು ಕಟ್ಟೆಯ ಮೇಲೆ ಕೂತು ಹೇಳಿದ: "ನಾ ಹೇಳಿರಲಿಲ್ಲೇನ್ರಿ? ನವನಗರದಿಂದ ಒಬ್ಬಾಕಿ ನೀಲಿ ಸೀರಿ ಉಟ್ಕೊಂಡು ಬಂದಿದ್ಲಂತ. ಟ್ರಕ್ಕಿನ್ಯಾಗ ಗಂಡನ್ನ ನೋಡಿದ್ಲಂತ. ಇಬ್ರೂ ಮಾತಾಡಿದ್ರಂತ. ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡು ಕಳಿಸ್ಯಾರ."

ಈ ಸಲ ಅಕ್ಕನಿಗೆ ಹೇಳಬಾರದೆಂದುಕೊಂಡೆ. ಆದರೆ ಓಣಿಯ ಗುಂಪಿನಿಂದ ತಿಳಿದರೆ ಇನ್ನೂ ಕೆಟ್ಟದೆನ್ನಿಸಿ ಸಂಜೆ ಹೋಗಿ ಹೇಳಿದೆ. ಅವಳು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದಳು. ಸಿಟ್ಟಾಗಲಿಲ್ಲ.

"ಹೆಂಗ ಕಾಣತಿದ್ರಂತ ಅವ್ರು?" ಎಂದಳು.

"ಅಕ್ಕಾ, ನೀನ ಹೋಗಿದ್ದಿಯಲ್ಲಾ. ಎಲ್ಲಾ ಸುಳ್ಳು."

"ಸುಳ್ಳಂತ ಗೊತ್ತೈತಿ ತಮ್ಮಾ. ಆದ್ರೂ ಕೇಳ್ಕೊಂಡು ಬಾ."

ಮುಂದಿನ ಸಂತೆಯ ದಿನ ಕೇಳಿದೆ. ರೈತ ಅದನ್ನು ಯೋಚಿಸಿರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ದೂರ ನೋಡಿ, "ಕೂದಲಾ ಬೆಳ್ಳಗಾಗ್ಯಾವಂತ್ರಿ," ಎಂದ. "ಸ್ವಲ್ಪ ಸೊರಗ್ಯಾನಂತ. ಆದ್ರ ಮುಖಾ ಮೊದಲಿನಂಗ ಐತಂತ. ನೋಡಿದ ಕೂಡ್ಲೆ ಗುರ್ತು ಹಿಡದ್ಲಂತ."

ಆ ಸಂಜೆ ಒಂದು ಶಬ್ದವನ್ನೂ ಬದಲಿಸದೆ ಅದನ್ನು ಅಕ್ಕನಿಗೆ ಹೇಳಿದೆ. ಅವಳು ಕೆಂಪು ಪೆನ್ನು ಮುಚ್ಚಿಟ್ಟು, ಕಿಟಕಿಯ ಕಡೆ ತಿರುಗಿ ಕೂತು, ಇನ್ನೊಮ್ಮೆ ಹೇಳು ಎಂದಳು.